ಬರ್ಕ್ಲಿಯಲ್ಲಿ ಇಂಟರ್‌ನ್ಯಾಷನಲ್ ಹೌಸ್ ಸೇರಲಾ, ಕನ್ನಡದ ಹುಡುಗಿಯರ ಜೊತೆ ಅಪಾರ್ಟ್‌ಮೆಂಟ್ ಹಿಡಿಯಲಾ?

ಸಕಲೇಶಪುರದ ಮಳೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಎಂಎಸ್‌ಗೆ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡಬೇಕು. ವೀಸಾ, ಸಾಲ ಎಲ್ಲ ಒಂದು ದಡ ಸೇರಿತು. ಈಗ ಉಳಿದಿರುವ ತಲೆನೋವು ಇರುವ ಜಾಗದ್ದು.

ಬೆಂಗಳೂರಿನಿಂದ ಬರುತ್ತಿರುವ ಮೂವರು ಹುಡುಗಿಯರು ಸೇರಿ ಅಪಾರ್ಟ್‌ಮೆಂಟ್ ನೋಡುತ್ತಿದ್ದಾರೆ. ನಾಲ್ಕನೆಯವಳಾಗಿ ನನ್ನನ್ನು ಕರೆದಿದ್ದಾರೆ. ಎಲ್ಲರೂ ಕನ್ನಡದವರು, ಎಲ್ಲರೂ ಸಸ್ಯಾಹಾರಿಗಳು, ಸರದಿ ಮೇಲೆ ಅಡುಗೆ. ಅಮ್ಮನಿಗೆ ಇದು ತುಂಬಾ ಸಮಾಧಾನ ಕೊಟ್ಟಿದೆ. ಇನ್ನೊಂದು ಕಡೆ ನಾನು ಇಂಟರ್‌ನ್ಯಾಷನಲ್ ಹೌಸ್‌ಗೂ ಅರ್ಜಿ ಹಾಕಿದ್ದೆ, ಅಂದರೆ ದೇಶ ವಿದೇಶದ ವಿದ್ಯಾರ್ಥಿಗಳು ಒಟ್ಟಿಗೆ ಇರುವ ಹಾಸ್ಟೆಲ್ ಥರದ ಮನೆ. ಅಲ್ಲಿ ಡಬಲ್ ರೂಮು ಕೊಡುತ್ತೇವೆ ಅಂತ ಮೇಲ್ ಬಂದಿದೆ. ರೂಮ್‌ಮೇಟ್ ಯಾವ ದೇಶದವಳು ಅಂತಲೂ ಗೊತ್ತಿಲ್ಲ. ಊಟ ಅಲ್ಲಿನದೇ, ಅದಕ್ಕೆ ದುಡ್ಡು ಸೇರಿಸಿಯೇ ಕಟ್ಟಬೇಕು.

ಅಲ್ಲಿ ಇದ್ದವರು, ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಆ ಮೇಲ್‌ಗೆ ಉತ್ತರ ಕೊಡಲು ನನಗೆ ಹೆಚ್ಚು ಸಮಯ ಇಲ್ಲ.

ಬೇ ಏರಿಯಾ ಫಿಲ್ಟರ್

ಅಪಾರ್ಟ್‌ಮೆಂಟ್ ಹಿಡಿಯಿರಿ. ಸಾಲ ಮಾಡಿ ಬರುತ್ತಿದ್ದೀರಿ, ಅದನ್ನು ಮೊದಲು ನೋಡಿ. ನಾಲ್ಕು ಜನ ಹಂಚಿಕೊಂಡರೆ ಬಾಡಿಗೆ ಇಳಿಯುತ್ತದೆ. ಮನೆಯಲ್ಲೇ ಅಡುಗೆ ಮಾಡಿದರೆ ಊಟದ ಖರ್ಚು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಯೂನಿವರ್ಸಿಟಿ ಅವೆನ್ಯೂನಲ್ಲೇ ನಮ್ಮ ದಿನಸಿ ಅಂಗಡಿಗಳಿವೆ. ತೊಗರಿಬೇಳೆ, ಹುಣಸೆಹಣ್ಣು, ಸೋನಾ ಮಸೂರಿ ಎಲ್ಲ ಸಿಗುತ್ತದೆ. ಇಂಟರ್‌ನ್ಯಾಷನಲ್ ಹೌಸ್ ಒಳ್ಳೆಯದೇ, ಆದರೆ ನಿಮ್ಮ ಸಾಲದ ಮೇಲಿನ ಬಡ್ಡಿ ಅದನ್ನು ನೋಡಿ ಕಡಿಮೆ ಆಗಲ್ಲ.

ಪೀಡ್ಮಾಂಟ್ ಹಳಬ

ತಂಗಿ, ನಾನು ಪಿಎಚ್‌ಡಿ ಮಾಡುವಾಗ ಆ ಮನೆಯಲ್ಲಿ ಇದ್ದವನು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಬಾಡಿಗೆ ಲೆಕ್ಕ ಮುಖ್ಯ, ಬೇ ಏರಿಯಾ ಫಿಲ್ಟರ್ ಹೇಳಿದ್ದು ಸರಿ. ಆದರೆ ಆ ಕಟ್ಟಡ ಅಲ್ಲಿ ಯಾಕೆ ನಿಂತಿದೆ ಅನ್ನೋದು ಗೊತ್ತಾದರೆ ನಿಮ್ಮ ಲೆಕ್ಕಕ್ಕೆ ಇನ್ನೊಂದು ಸಾಲು ಸೇರುತ್ತದೆ.

ಬ್ಯಾಂಕ್ರಾಫ್ಟ್ ವೇ ಹತ್ತಿಕೊಂಡು ಹೋದರೆ ಮೇಲ್ತುದಿಯಲ್ಲಿ ಪೀಡ್ಮಾಂಟ್ ಅವೆನ್ಯೂ ಸಿಗುತ್ತದೆ. ಅಲ್ಲೇ ಗುಮ್ಮಟ ಇರುವ ದೊಡ್ಡ ಕಟ್ಟಡ. 1920ರ ದಶಕದಲ್ಲಿ ಆ ರಸ್ತೆ ಪೂರ್ತಿ ಫ್ರಟರ್ನಿಟಿ, ಸೊರೊರಿಟಿ ಮನೆಗಳದು. ಅಂದರೆ ಬಿಳಿಯ ವಿದ್ಯಾರ್ಥಿಗಳ ಕೂಟಗಳ ಮನೆಗಳು. ಅಲ್ಲಿಗೆ ವಿದೇಶಿಯರನ್ನು, ಕಪ್ಪು ಜನರನ್ನು, ಏಷ್ಯಾದವರನ್ನು ಸೇರಿಸುತ್ತಿರಲಿಲ್ಲ. ಹೊರಗೆ ಬಾಡಿಗೆ ಮನೆ ಕೇಳಿದರೂ ಬಾಗಿಲು ಹಾಕುವವರೇ ಜಾಸ್ತಿ. ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರಬಹುದು, ಸಂಜೆ ಆದ ಮೇಲೆ ಮಲಗಲು ಜಾಗ ಇಲ್ಲ. ಅದು ಅಂಥ ಕಾಲ.

ಹ್ಯಾರಿ ಎಡ್ಮಂಡ್ಸ್ ಎಂಬುವರು ಆಗ ಅಲ್ಲಿಗೆ ಬಂದರು. ನ್ಯೂಯಾರ್ಕಿನಲ್ಲಿ ಇಂಥದ್ದೇ ಮನೆ ಕಟ್ಟಿಸಿ ಬಂದವರು. ಊರ ಹೊರಗೆ ಎಲ್ಲೋ ಸುಮ್ನೆ ಒಂದು ಜಾಗ ಹುಡುಕಬಹುದಿತ್ತು. ಅವರು ಹುಡುಕಲಿಲ್ಲ. ಯಾವ ರಸ್ತೆ ಜನರನ್ನು ಹೊರಗಿಡುತ್ತಿತ್ತೋ ಅದೇ ರಸ್ತೆಯನ್ನು ಬೇಕು ಅಂತಲೇ ಆರಿಸಿದರು. ದುಡ್ಡು ಕೊಟ್ಟವರು ಅಮೆರಿಕದ ದೊಡ್ಡ ಶ್ರೀಮಂತ ಜಾನ್ ಡಿ. ರಾಕ್‌ಫೆಲರ್ ಜೂನಿಯರ್, 18 ಲಕ್ಷ ಡಾಲರ್.

ಊರಿನವರು ಸುಮ್ಮನೆ ಒಪ್ಪಲಿಲ್ಲ. ಗಂಡು ಹೆಣ್ಣು ಒಂದೇ ಸೂರಿನಡಿ ಇರುವುದು ಒಬ್ಬರಿಗೆ ಬೇಡ. ವಿದೇಶಿಯರು ಇನ್ನೊಬ್ಬರಿಗೆ ಬೇಡ. ಬಿಳಿಯರ ಜೊತೆ ಕಪ್ಪು ಜನ, ಏಷ್ಯಾದವರು ಒಟ್ಟಿಗೆ ಇರುವುದಂತೂ ಬಹಳ ಮಂದಿಗೆ ಊಹೆಗೂ ಸಿಗದ ಮಾತು. 800ಕ್ಕೂ ಜಾಸ್ತಿ ಜನ ಸೇರಿ ವಿರೋಧ ಸಭೆ ಮಾಡಿದರು. ಆ ಗುಂಪಿನ ಮುಂದೆ ಎದ್ದು ನಿಂತು ಈ ಮನೆ ಬೇಕು ಅಂತ ವಾದ ಮಾಡಿದವರಲ್ಲಿ ಡೆಲೈಲಾ ಬೀಸ್ಲಿ ಒಬ್ಬರು. ಕಪ್ಪು ಜನಾಂಗದ ಪತ್ರಕರ್ತೆ, ಓಕ್ಲೆಂಡ್ ಟ್ರಿಬ್ಯೂನ್ ಪತ್ರಿಕೆಗೆ ಅಂಕಣ ಬರೆಯುತ್ತಿದ್ದವರು. ಆಕೆಯ ಧೈರ್ಯವನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

1930ರ ಆಗಸ್ಟ್‌ನಲ್ಲಿ ಮನೆ ತೆರೆಯಿತು. ಶಾಲೆಗಳಲ್ಲಿ ಬಿಳಿಯ, ಕಪ್ಪು ಮಕ್ಕಳನ್ನು ಬೇರೆ ಬೇರೆ ಇಡುವ ಬಣ್ಣದ ಬೇಲಿ ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ಇಲ್ಲಿ ಅದಕ್ಕೆ 24 ವರ್ಷ ಮೊದಲೇ ಒಂದೇ ಮೇಜಿನಲ್ಲಿ ಊಟ ನಡೆಯುತ್ತಿತ್ತು. ಈ ಮನೆಯಲ್ಲಿ ಪರಿಚಯವಾಗಿ ಮದುವೆ ಆದ ಜೋಡಿಗಳು ತುಂಬಾ ಇವೆ. ಆದರೆ ಶುರುವಿನ ವರ್ಷಗಳಲ್ಲಿ ಬಿಳಿಯರು ಬೇರೆ ಬಣ್ಣದವರನ್ನು ಮದುವೆ ಆಗಲು ಕ್ಯಾಲಿಫೋರ್ನಿಯಾದ ಕಾನೂನು ಬಿಡುತ್ತಿರಲಿಲ್ಲ. ಅದು ಬಿದ್ದಿದ್ದು 1948ರಲ್ಲಿ. ಅಂದರೆ ಊಟದ ಮೇಜಿನಲ್ಲಿ ಸ್ನೇಹ ಆಗಬಹುದು, ರಿಜಿಸ್ಟರ್ ಆಫೀಸಿಗೆ ಹೋಗುವ ಹಾಗಿಲ್ಲ. ಮನೆ ಕಾನೂನಿಗಿಂತ ಮುಂದೆ ನಡೆದಿತ್ತು.

ನಾನು ಹೇಳುವುದು ಇಷ್ಟೇ. ನಮ್ಮಂಥವರನ್ನು ಒಳಗೆ ಬಿಡಲಿ ಅಂತ ಅಷ್ಟು ಜನ ಬಡಿದಾಡಿ ಕಟ್ಟಿದ ಮನೆ ಅದು. ಅಲ್ಲಿಗೆ ಕರೆ ಬಂದಿದೆ. ಒಂದು ವರ್ಷಕ್ಕಾದರೂ ಹೋಗಿ.

ಧಾರವಾಡ ಪೇಡೆ

ಹಳಬರು ಬರೆದದ್ದು ಓದಿ ಸಂತೋಷ ಆಯಿತು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಅದು 1930ರ ಮಾತು. ಆಗ ಬೇರೆ ದಾರಿ ಇರಲಿಲ್ಲ. ಈಗ ಬರ್ಕ್ಲಿಯಲ್ಲಿ ಯಾರು ಎಲ್ಲಿ ಬೇಕಾದರೂ ಬಾಡಿಗೆಗೆ ಇರಬಹುದು. ಲ್ಯಾಬಿನಲ್ಲಿ ಚೀನಾದವರು, ಕ್ಲಾಸಿನಲ್ಲಿ ಬ್ರೆಜಿಲ್‌ನವರು, ಬಸ್ಸಿನಲ್ಲಿ ಎಲ್ಲರೂ ಇರುತ್ತಾರೆ. ಹಾಗಿರುವಾಗ ದೇಶ ವಿದೇಶದವರ ಜೊತೆ ಇರಲಿಕ್ಕೆ ಬೇರೆ ಮನೆಯೇ ಬೇಕಾ? ಇತಿಹಾಸಕ್ಕೆ ಗೌರವ ಕೊಡಲು ಹುಡುಗಿ ಜಾಸ್ತಿ ದುಡ್ಡು ಕಟ್ಟಬೇಕಾ?

ಪೀಡ್ಮಾಂಟ್ ಹಳಬ

ಪೇಡೆಯವರೇ, ಒಳ್ಳೆಯ ಪ್ರಶ್ನೆ.

ಲ್ಯಾಬಿನಲ್ಲಿ ಚೀನಾದವರು ಇರುತ್ತಾರೆ, ನಿಜ. ಆದರೆ ಸಂಜೆ ಏನಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಚೀನಾದವರು ಚೀನಾದವರ ಮನೆಗೆ, ಕೊರಿಯಾದವರು ಕೊರಿಯಾದವರ ಮನೆಗೆ, ನಮ್ಮವರು ನಮ್ಮವರ ಮನೆಗೆ. ನಮ್ಮವರಲ್ಲೂ ತೆಲುಗಿನವರದು ಒಂದು ಫ್ಲ್ಯಾಟು, ತಮಿಳಿನವರದು ಒಂದು, ಮರಾಠಿಯವರದು ಒಂದು. ಕೆಲವು ಕಡೆ ಅದು ಜಾತಿಯವರೆಗೂ ಇಳಿಯುತ್ತದೆ, ರೂಮ್‌ಮೇಟ್ ಬೇಕು ಅಂತ ಹಾಕುವ ಪೋಸ್ಟುಗಳಲ್ಲೇ ಅದು ಕಾಣಿಸುತ್ತದೆ. ಈಗ ಯಾರೂ ಯಾರನ್ನೂ ಬಲವಂತದಿಂದ ಹೊರಗಿಟ್ಟಿಲ್ಲ. ನಾವೇ ಹೋಗಿ ಸೇರಿಕೊಳ್ಳುತ್ತೇವೆ. ಲ್ಯಾಬಿನ ಪರಿಚಯ ಕೆಲಸದ ಮಾತಿಗೆ ಮುಗಿಯುತ್ತದೆ. ಬೆಳಗ್ಗೆ ಕೆದರಿದ ತಲೆಯಲ್ಲಿ ತಿಂಡಿಗೆ ಬಂದವರ ಜೊತೆ ಆಗುವ ಪರಿಚಯವೇ ಬೇರೆ.

ಅಲ್ಲಿ ಅಡುಗೆಮನೆ ರೂಮಿನಲ್ಲಿ ಇಲ್ಲ. ಎಲ್ಲರೂ ಒಂದೇ ಊಟದ ಹಾಲ್‌ಗೆ ಇಳಿಯಬೇಕು. ಅದೇ ಅದರ ಗುಟ್ಟು. ಸುಮಾರು 600 ಜನ ನಿವಾಸಿಗಳು, ಹೊರದೇಶದವರ ಜೊತೆ ಅಮೆರಿಕದವರೂ ಇರುತ್ತಾರೆ. ತಟ್ಟೆ ಹಿಡಿದು ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ ಕೂರುತ್ತೀರಿ. ನನ್ನ ಕಾಲದಲ್ಲಿ ಹಾಗೇ ಕೂತು ಒಬ್ಬ ಇಥಿಯೋಪಿಯಾದವನ ಜೊತೆ ಮಾತು ಶುರುವಾಯಿತು. ಅವನ ಊರಲ್ಲಿ ಹಸಿ ಕಾಫಿ ಬೀಜವನ್ನು ಅತಿಥಿಯ ಕಣ್ಣೆದುರೇ ಹುರಿದು, ಕುಟ್ಟಿ, ಕುದಿಸಿ ಕೊಡುತ್ತಾರಂತೆ. ಮೂರು ಸಲ ಬಡಿಸದೆ ಅತಿಥಿಯನ್ನು ಕಳಿಸುವ ಹಾಗಿಲ್ಲವಂತೆ. ಕಾಫಿ ತೋಟದ ಊರಿನವರು ನೀವು, ಅವನ ಜೊತೆ ಕೂತಿದ್ದರೆ ಎದ್ದೇಳುತ್ತಿರಲಿಲ್ಲ. ಆ ಹುಡುಗನೂ ನಾನೂ ಬೇರೆ ಬೇರೆ ವಿಭಾಗ. ಆ ಹಾಲ್ ಇರದಿದ್ದರೆ ನಾವು ಭೇಟಿ ಆಗುವ ದಾರಿಯೇ ಇರಲಿಲ್ಲ.

ಗಲಾಟೆಯೂ ಆಗುತ್ತಿತ್ತು. ಗಡಿ ತಕರಾರು ಇರುವ ದೇಶಗಳವರು ಒಂದೇ ಮಹಡಿಯಲ್ಲಿ ಇದ್ದರು. ಲಾಹೋರಿನವನೊಬ್ಬನ ಜೊತೆ ನಾನೇ ರಾತ್ರಿ ಊಟ ಆದ ಮೇಲೂ ಎಷ್ಟೋ ಹೊತ್ತು ಜಗಳಕ್ಕೆ ಕೂತಿದ್ದೇನೆ. ಒಬ್ಬರೂ ಅಭಿಪ್ರಾಯ ಬದಲಿಸಲಿಲ್ಲ. ಆದರೂ ಮಾರನೇ ದಿನ ಅದೇ ಮೇಜು, ಅದೇ ಚಹಾ. ನಾನು ಇದಕ್ಕೆ ಬೆಲೆ ಕೊಡುತ್ತೇನೆ.

ಮ್ಯಾನ್‌ಹಟನ್ ಮೈಸೂರಿಗ

ನಾನು ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಇದ್ದೆ. ಎಡ್ಮಂಡ್ಸ್ ಹೆಸರು ಬಂದಿದ್ದರಿಂದ ಅಲ್ಲಿನ ಕಥೆ ಸೇರಿಸುತ್ತೇನೆ.

1909. ಎಡ್ಮಂಡ್ಸ್ ಆಗ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಿಗೆ ಬಂದ ಚೀನೀ ವಿದ್ಯಾರ್ಥಿಗೆ ಗುಡ್ ಮಾರ್ನಿಂಗ್ ಅಂದು ಮುಂದೆ ಹೋದರು. ಆ ಹುಡುಗ ನಿಂತುಬಿಟ್ಟ. ಈ ಊರಿಗೆ ಬಂದು ಮೂರು ವಾರ ಆಯಿತು, ನನ್ನನ್ನು ಮಾತಾಡಿಸಿದ ಮೊದಲನೆಯವರು ನೀವೇ ಅಂತ ಹೇಳಿದ. ಮೂರು ವಾರ! ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಇಬ್ಬರೂ ಸೇರಿ ವಿದೇಶಿ ವಿದ್ಯಾರ್ಥಿಗಳನ್ನು ಭಾನುವಾರ ಮನೆಗೆ ಊಟಕ್ಕೆ ಕರೆಯಲು ಶುರು ಮಾಡಿದರು. ಅದೇ ಬೆಳೆದು ಕ್ಲಬ್ ಆಯಿತು. ಆಮೇಲೆ ರಾಕ್‌ಫೆಲರ್ ನೆರವಿನಿಂದ 1924ರಲ್ಲಿ ರಿವರ್‌ಸೈಡ್ ಡ್ರೈವ್‌ನಲ್ಲಿ ದೊಡ್ಡ ಮನೆ ಎದ್ದಿತು. ಬರ್ಕ್ಲಿಯದು 1930ರಲ್ಲಿ, ಷಿಕಾಗೋದು 1932ರಲ್ಲಿ. ಭಾನುವಾರದ ಊಟದ ಪದ್ಧತಿ ನ್ಯೂಯಾರ್ಕಿನಲ್ಲಿ ಉಳಿದುಕೊಂಡು ಬಂದಿದೆ.

ಅಷ್ಟು ದೊಡ್ಡ ಕಟ್ಟಡಗಳಿಗೆ ಒಂದು ಊಟದ ಕರೆ ಕಾರಣ. ತಂಗಿ, ಮೊದಲ ತಿಂಗಳು ಆ ಹುಡುಗನ ಹಾಗೆ ಯಾರೂ ಮಾತಾಡಿಸದೆ ಇರುವುದು ಈಗಲೂ ಆಗುತ್ತದೆ. ಫೋನ್ ಇದೆ, ದಿನಾ ಅಮ್ಮನ ಮುಖ ನೋಡಬಹುದು. ಆದರೂ ಎದುರಿಗೆ ಕೂತು ಊಟ ಆಯ್ತಾ ಅಂತ ಕೇಳುವ ಮನುಷ್ಯ ಬೇಕು.

ಫ್ರೀಮಾಂಟ್ ಅಕ್ಕ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಾನು ಓದಲು ಬಂದಾಗ ನಾಲ್ವರು ಕನ್ನಡದ ಹುಡುಗಿಯರ ಜೊತೆ ಮನೆ ಮಾಡಿದ್ದೆ. ಮೊದಲ ಸೆಮಿಸ್ಟರಿನಲ್ಲಿ ಜ್ವರ ಹಿಡಿದು ಹಾಸಿಗೆಯಲ್ಲಿ ಬಿದ್ದಾಗ ಗಂಜಿ ಮಾಡಿ, ನಿಂಬೆ ಉಪ್ಪಿನಕಾಯಿ ಹಚ್ಚಿ ಬಾಯಿಗೆ ಇಟ್ಟವರು ಅವರು. ಪರೀಕ್ಷೆ ಕೆಟ್ಟಾಗ ಕನ್ನಡದಲ್ಲಿ ಅತ್ತೆ, ಕನ್ನಡದಲ್ಲಿ ಸಮಾಧಾನ ಮಾಡಿದರು. ಒಟ್ಟಿಗೆ ಇರುವುದನ್ನು ಗುಂಪುಗಾರಿಕೆ ಅಂತ ಕರೆದರೆ ನನಗೆ ನೋವಾಗುತ್ತದೆ. ಅವರು ಇವತ್ತಿಗೂ ನನಗೆ ಒಡಹುಟ್ಟಿದವರ ಹಾಗೆ.

ಆದರೆ ಹಳಬರು ಹೇಳಿದ ಬಾಗಿಲು ಹಾಕುವ ಕಥೆಯಲ್ಲಿ ನಮ್ಮವರೂ ಇದ್ದಾರೆ, ಅದು ಗೊತ್ತಿರಲಿ. ವೈಷ್ಣೋ ದಾಸ್ ಬಗಾಯಿ, ಕಲಾ ಬಗಾಯಿ ಅಂತ ದಂಪತಿ. 1915ರಲ್ಲಿ ಮೂರು ಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಇಳಿದರು. ಬರ್ಕ್ಲಿಯಲ್ಲಿ ಸ್ವಂತ ದುಡ್ಡು ಕೊಟ್ಟು ಮನೆ ಕೊಂಡರು. ಸಾಮಾನು ತಂದ ದಿನ ಅಕ್ಕಪಕ್ಕದವರು ಮನೆಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ. ಆ ದಂಪತಿ ಅಲ್ಲಿ ಇರುವುದೇ ಬೇಡ ಅಂತ ಸ್ಯಾನ್ ಫ್ರಾನ್ಸಿಸ್ಕೋಗೆ ವಾಪಸ್ ಹೋದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರೊಬ್ಬರ ಮೊಕದ್ದಮೆಯಲ್ಲಿ ಭಾರತೀಯರಿಗೆ ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸಿಕ್ಕಿದ್ದ ಪೌರತ್ವವನ್ನೂ ವೈಷ್ಣೋ ದಾಸ್ ಕಳೆದುಕೊಂಡರು. 1928ರಲ್ಲಿ ಪ್ರಾಣ ಕಳೆದುಕೊಂಡರು. ಕಲಾ ಅಮ್ಮ ಮಕ್ಕಳನ್ನು ಬೆಳೆಸಿ, ಮುಂದೆ ಹೊಸದಾಗಿ ಬಂದ ಎಷ್ಟೋ ಭಾರತೀಯರಿಗೆ ಆಸರೆ ಆದರು. 2020ರಲ್ಲಿ ಬರ್ಕ್ಲಿ ನಗರ ತನ್ನ ಪೇಟೆಯ ನಡುವಿನ ಒಂದು ರಸ್ತೆಗೆ ಕಲಾ ಬಗಾಯಿ ವೇ ಅಂತ ಹೆಸರಿಟ್ಟಿತು. ಬಾರ್ಟ್ ರೈಲು ಇಳಿದು ಮೇಲೆ ಬಂದರೆ ಹತ್ತಿರದಲ್ಲೇ ಆ ಫಲಕ ಇದೆ. ನಾನು ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ.

1928ಕ್ಕೆ ಈ ಗತಿ, 1930ಕ್ಕೆ ಈ ಮನೆ. ಹತ್ತಿರ ಹತ್ತಿರ ಇಟ್ಟು ನೋಡಿದರೆ ಹಳಬರು ಯಾಕೆ ಅಷ್ಟು ಭಾವುಕರಾಗಿ ಬರೆದರು ಅಂತ ನನಗೆ ಅರ್ಥ ಆಗುತ್ತದೆ.

ಹಾಗಾಗಿ ನನ್ನ ಸಲಹೆ: ಮೊದಲ ವರ್ಷ ಅಲ್ಲಿರು ಪುಟ್ಟಿ. ಆ ಮೂವರು ಹುಡುಗಿಯರ ಸ್ನೇಹ ಬಿಡಬೇಡ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಸಾರು ಅನ್ನ ಉಂಡು ಬಾ. ಎರಡನೇ ವರ್ಷ ಬೇಕಿದ್ದರೆ ಜೊತೆಗೆ ಮನೆ ಮಾಡು. ಕನ್ನಡ ಎಲ್ಲೂ ಹೋಗಲ್ಲ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಇದೆ, ಯುಗಾದಿ, ರಾಜ್ಯೋತ್ಸವ ಎಲ್ಲ ಜೋರಾಗಿ ನಡೆಯುತ್ತದೆ. ಲಿವರ್‌ಮೋರ್‌ನಲ್ಲಿ ಶಿವ ವಿಷ್ಣು ದೇವಸ್ಥಾನ ಇದೆ. ಬಾರ್ಟ್ ಹತ್ತಿದರೆ ಫ್ರೀಮಾಂಟ್, ನಮ್ಮ ಮನೆ.

ಧಾರವಾಡ ಪೇಡೆ

ಅಕ್ಕ, ಬಗಾಯಿ ಅವರ ವಿಷಯ ಗೊತ್ತಿರಲಿಲ್ಲ. ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ.

ನಾನು ಓದಿದ್ದು ನಮ್ಮ ಜನಾಂಗದ ವಿದ್ಯಾರ್ಥಿನಿಲಯದಲ್ಲಿ. ಅದು ಇಲ್ಲದಿದ್ದರೆ ನನ್ನಂಥ ಹಳ್ಳಿ ಹುಡುಗ ಡಿಗ್ರಿ ಮುಟ್ಟುತ್ತಿರಲಿಲ್ಲ. ಆ ಋಣ ದೊಡ್ಡದು. ಕರ್ನಾಟಕದಲ್ಲಿ ನೂರು ವರ್ಷಗಳಿಂದ ಮಠಗಳು, ಸಮುದಾಯಗಳು ಹೀಗೆ ಹಾಸ್ಟೆಲ್ ಕಟ್ಟಿ ಲಕ್ಷಾಂತರ ಮಕ್ಕಳನ್ನು ಓದಿಸಿವೆ. ಎಲ್ಲ ಜಾತಿಯವರಿಗೂ ಅನ್ನ ಹಾಕಿದ ಮಠಗಳೂ ಇವೆ. ಆದರೆ ನನ್ನ ಹಾಸ್ಟೆಲಿನಲ್ಲಿ ಬೇರೆಯವರು ಇರಲಿಲ್ಲ. ಬೇರೆ ಮನೆಯ ಹುಡುಗ ಬೆಳಗ್ಗೆ ಏನು ತಿನ್ನುತ್ತಾನೆ, ಹಬ್ಬ ಹೇಗೆ ಮಾಡುತ್ತಾನೆ ಅಂತ ಕೆಲಸಕ್ಕೆ ಸೇರುವವರೆಗೂ ಗೊತ್ತಾಗಲಿಲ್ಲ. ನನ್ನ ಮಗ ಹಾಗೆ ಬೆಳೆಯುವುದು ಬೇಡ ಅನ್ನಿಸುತ್ತದೆ. ಹಳಬರ ಮಾತಿಗೆ ನನ್ನ ಒಪ್ಪಿಗೆ ಇದೆ. ದುಡ್ಡಿನ ವಿಷಯ ಮಾತ್ರ ಮನೆಯವರ ಜೊತೆ ಕೂತು ನೋಡಿ.

ಸಕಲೇಶಪುರದ ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೂ ಅಮ್ಮನಿಗೂ ಎಲ್ಲ ಓದಿ ಹೇಳಿದೆ. ಇಥಿಯೋಪಿಯಾದ ಕಾಫಿ ಪದ್ಧತಿ ಕೇಳಿ ಅಪ್ಪ ಇನ್ನೂ ಹೇಳು ಅಂದರು. ಅಮ್ಮನ ಪ್ರಶ್ನೆಗಳು ಉಳಿದಿವೆ, ಹಾಗೇ ಇಳಿಸುತ್ತೇನೆ. ಸಸ್ಯಾಹಾರ ದಿನಾ ಸಿಗುತ್ತಾ? ಮಾಂಸದ ಪಕ್ಕದಲ್ಲೇ ಇಟ್ಟಿರುತ್ತಾರಾ? ರೂಮ್‌ಮೇಟ್ ಜೊತೆ ಹೊಂದಾಣಿಕೆ ಆಗದಿದ್ದರೆ ಏನು ಮಾಡುವುದು? ರೂಮಿನಲ್ಲಿ ದೀಪ ಹಚ್ಚಬಹುದಾ? ಇನ್ನು ನನ್ನದು ಒಂದು: ಭೂಕಂಪದ ಬಿರುಕು ಅಲ್ಲೇ ಹಾದುಹೋಗುತ್ತದೆ ಅಂತ ನಮ್ಮ ಮೇಷ್ಟ್ರು ಹೇಳಿದರು, ನಿಜವಾ?

ಪೀಡ್ಮಾಂಟ್ ಹಳಬ

ಅಮ್ಮನಿಗೆ ನೇರವಾಗಿ ಹೇಳುತ್ತೇನೆ.

ಸಸ್ಯಾಹಾರ ದಿನಾ ಸಿಗುತ್ತಿತ್ತು, ಸಲಾಡು, ಅನ್ನ, ಕಾಳು, ಬ್ರೆಡ್ಡು, ಹಣ್ಣು. ಆದರೆ ಒಂದೇ ಹಾಲ್, ಒಂದೇ ಸಾಲು. ಪಕ್ಕದವರ ತಟ್ಟೆಯಲ್ಲಿ ಮಾಂಸ ಇರುತ್ತದೆ. ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಂಡೇ ಬರಬೇಕು. ಬಡಿಸುವವರನ್ನು ಯಾವುದರಲ್ಲಿ ಏನಿದೆ ಅಂತ ಕೇಳಿದರೆ ತಾಳ್ಮೆಯಿಂದ ಹೇಳುತ್ತಾರೆ. ನಮ್ಮ ನಾಲಿಗೆಗೆ ಉಪ್ಪು ಹುಳಿ ಖಾರ ಕಡಿಮೆ ಅನ್ನಿಸುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಡಬ್ಬಿ ಜೊತೆಗೆ ಇರಲಿ. ನನ್ನ ಚಟ್ನಿಪುಡಿ ಮೆಕ್ಸಿಕೋದ ಗೆಳೆಯನೇ ಅರ್ಧ ಖಾಲಿ ಮಾಡಿದ್ದ. ಬಾಯಿ ಕೆಟ್ಟಾಗ ಫೋರ್ತ್ ಸ್ಟ್ರೀಟ್ ಕಡೆ ಹೋದರೆ ವಿಕ್ಸ್ ಚಾಟ್ ಇದೆ.

ದೀಪ, ಊದುಬತ್ತಿ ರೂಮಿನಲ್ಲಿ ಹಚ್ಚುವ ಹಾಗಿಲ್ಲ. ಬೆಂಕಿ ವಿಷಯದಲ್ಲಿ ಅಲ್ಲಿ ತುಂಬಾ ಕಟ್ಟುನಿಟ್ಟು, ಹೊಗೆ ಎದ್ದರೆ ಅಲಾರಂ ಹೊಡೆದು ಇಡೀ ಕಟ್ಟಡದವರು ರಸ್ತೆಗೆ ಬರಬೇಕು. ದೇವರ ಫೋಟೋ ಇಟ್ಟು ಹೂವು ಏರಿಸಿ, ಬ್ಯಾಟರಿ ದೀಪ ಇಡಿ.

ರೂಮ್‌ಮೇಟ್ ವಿಷಯದಲ್ಲಿ ಮೊದಲ ವಾರವೇ ಕೂತು ಮಾತಾಡಿ. ಎಷ್ಟು ಹೊತ್ತಿಗೆ ಮಲಗುವುದು, ಕಿಟಕಿ ತೆರೆಯುವುದಾ ಮುಚ್ಚುವುದಾ, ಸ್ನೇಹಿತರು ರಾತ್ರಿ ಬರಬಹುದಾ. ನಾವು ಸಂಕೋಚದಿಂದ ಹೇಳದೆ ನುಂಗಿಕೊಂಡು ಕೂರುತ್ತೇವೆ, ಅಲ್ವಾ? ಅಲ್ಲಿ ಹೇಳದಿದ್ದರೆ ಎದುರಿನವರಿಗೆ ಗೊತ್ತೇ ಆಗಲ್ಲ. ಹೊಂದದಿದ್ದರೆ ಆಫೀಸಿನಲ್ಲಿ ರೂಮು ಬದಲಿಸಲು ಕೇಳಬಹುದು. ಖಾಲಿ ಇದ್ದರೆ ಕೊಡುತ್ತಾರೆ, ತಡ ಆಗಬಹುದು. ಬಚ್ಚಲುಮನೆ ಮಹಡಿಯವರೆಲ್ಲ ಹಂಚಿಕೊಳ್ಳುವುದು.

ಬಿರುಕು ನಿಜ. ಹೇವರ್ಡ್ ಫಾಲ್ಟ್ ಅಂತ ಅದರ ಹೆಸರು. ಪಕ್ಕದ ಮೆಮೋರಿಯಲ್ ಸ್ಟೇಡಿಯಂ ಅದರ ಮೇಲೇ ಕೂತಿದೆ. ಸಿವಿಲ್ ಓದುವವರಿಗೆ ಅದೇ ದೊಡ್ಡ ಪಾಠ, ಸ್ಟೇಡಿಯಂ ಅನ್ನು 2012ರಲ್ಲಿ ಹೇಗೆ ಗಟ್ಟಿ ಮಾಡಿ ತೆರೆದರು ಅಂತ ಹೋಗಿ ನೋಡಿ. ಬಿರುಕಿನ ಮೇಲೆ ಬರುವ ಭಾಗವನ್ನು ಉಳಿದ ಕಟ್ಟಡದಿಂದ ಬೇರೆ ಮಾಡಿ, ನೆಲ ಸರಿದರೆ ಅದು ಮಾತ್ರ ಅಲುಗಾಡುವ ಹಾಗೆ ಮಾಡಿದ್ದಾರೆ. ರೂಮಿನಲ್ಲಿ ಹಾಸಿಗೆ ಪಕ್ಕ ಒಂದು ಜೊತೆ ಶೂ, ಟಾರ್ಚು, ನೀರು ಇಟ್ಟುಕೊಳ್ಳಿ. ಅಲ್ಲಿ ಎಲ್ಲರೂ ಹಾಗೇ ಮಾಡಬೇಕು. ಫುಟ್‌ಬಾಲ್ ಪಂದ್ಯ ಇರುವ ಶನಿವಾರ ಮಾತ್ರ ಆ ಬೀದಿಯಲ್ಲಿ ಓದಲು ಆಗಲ್ಲ, ಗ್ರಂಥಾಲಯಕ್ಕೆ ಇಳಿದುಬಿಡಿ.

ಬೇ ಏರಿಯಾ ಫಿಲ್ಟರ್

ನಾನು ದುಡ್ಡಿನ ಮಾತಿನಿಂದ ಹಿಂದೆ ಸರಿಯಲ್ಲ, ಆದರೆ ಲೆಕ್ಕ ಸರಿಯಾಗಿ ಹಾಕೋಣ. ಅಪಾರ್ಟ್‌ಮೆಂಟಿನ ಬಾಡಿಗೆಗೆ ಕರೆಂಟು, ನೀರು, ಇಂಟರ್‌ನೆಟ್ಟು, ದಿನಸಿ, ಮಂಚ ಹಾಸಿಗೆ, ಪಾತ್ರೆ, ಮೊದಲೇ ಕಟ್ಟುವ ಠೇವಣಿ ಸೇರಿಸಿ. ಜೊತೆಗೆ ಸಾಮಾನ್ಯವಾಗಿ 12 ತಿಂಗಳ ಕರಾರು. ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋದರೂ ಇಲ್ಲಿನ ಬಾಡಿಗೆ ಓಡುತ್ತಿರುತ್ತದೆ. ಇಂಟರ್‌ನ್ಯಾಷನಲ್ ಹೌಸ್ ಕರಾರು ಎಷ್ಟು ತಿಂಗಳದ್ದು, ಚಳಿಗಾಲದ ರಜೆಯಲ್ಲಿ ಊಟ ಇದೆಯಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದಂಡ, ಆರ್ಥಿಕ ನೆರವು ಸಿಗುತ್ತಾ ಅಂತ ಸಹಿ ಮಾಡುವ ಮೊದಲು ಮೇಲ್ ಹಾಕಿ ಬರಹದಲ್ಲಿ ಪಡೆಯಿರಿ. ಎರಡನ್ನೂ ತಿಂಗಳಿಗೆ ಭಾಗಿಸಿ ನೋಡಿ. ವ್ಯತ್ಯಾಸ ನಿಮ್ಮ ಕೈಗೆ ನಿಲುಕುವಷ್ಟಿದ್ದರೆ ಹಳಬರ ಮಾತು ಕೇಳಿ. ಇಲ್ಲದಿದ್ದರೆ ಅಪಾರ್ಟ್‌ಮೆಂಟಿಗೇ ಹೋಗಿ, ಅದರಲ್ಲಿ ಸಣ್ಣತನ ಏನೂ ಇಲ್ಲ.

ಮ್ಯಾನ್‌ಹಟನ್ ಮೈಸೂರಿಗ

ಇದು ಒಪ್ಪುವ ಮಾತು. ಅಪಾರ್ಟ್‌ಮೆಂಟಿನಲ್ಲೇ ಉಳಿದರೂ ಆ ಮನೆಯ ಬಾಗಿಲು ಮುಚ್ಚಿರಲ್ಲ. ಕೆಳಗಡೆ ಕೆಫೆ ಇದೆ, ಹೊರಗಿನವರೂ ಹೋಗಬಹುದು. ಸಂಗೀತ, ಉಪನ್ಯಾಸ, ಹಬ್ಬಗಳಲ್ಲಿ ಹೊರಗಿನವರಿಗೆ ತೆರೆದ ಕಾರ್ಯಕ್ರಮಗಳೂ ಇರುತ್ತವೆ. ಯಾವುದು ಅಂತ ಅಲ್ಲಿನ ಫಲಕ ನೋಡುತ್ತಿರಿ.

ಸಕಲೇಶಪುರದ ಮಳೆ

ಲೆಕ್ಕ ಹಾಕಿದೆವು. ಮಂಚ, ಪಾತ್ರೆ, ಬೇಸಿಗೆ ಬಾಡಿಗೆ ಎಲ್ಲ ಸೇರಿಸಿದರೂ ಇಂಟರ್‌ನ್ಯಾಷನಲ್ ಹೌಸ್ ಜಾಸ್ತಿಯೇ ಬರುತ್ತದೆ, ಆದರೆ ಅಪ್ಪ ಹೆದರಿದಷ್ಟು ಅಲ್ಲ. ಒಂದು ವರ್ಷಕ್ಕೆ ಮಾತ್ರ ಅಂತ ಒಪ್ಪಿದ್ದಾರೆ. ಕರಾರಿನ ಪ್ರಶ್ನೆಗಳನ್ನು ಮೇಲ್ ಮಾಡಿದ್ದೇನೆ, ಉತ್ತರ ಬಂದ ಮೇಲೆ ಸಹಿ. ಆ ಮೂವರು ಹುಡುಗಿಯರಿಗೂ ಹೇಳಿದೆ. ಒಬ್ಬಳಿಗೆ ಸ್ವಲ್ಪ ಬೇಸರ ಆಯಿತು. ಶನಿವಾರದ ಅಡುಗೆ ಸರದಿಯಲ್ಲಿ ನನ್ನ ಹೆಸರು ಹಾಗೇ ಇಟ್ಟಿದ್ದಾರೆ.

ಫ್ರೀಮಾಂಟ್ ಅಕ್ಕ, ಚಟ್ನಿಪುಡಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಬಹುದಾ?

ಫ್ರೀಮಾಂಟ್ ಅಕ್ಕ

ಹಾಕಬಹುದು. ಎರಡು ಪದರ ಕವರಿನಲ್ಲಿ ಗಟ್ಟಿಯಾಗಿ ಕಟ್ಟು, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರಿ. ತಿನ್ನುವ ಸಾಮಾನು ತಂದಿದ್ದೇನೆ ಅಂತ ಕಸ್ಟಮ್ಸ್‌ನಲ್ಲಿ ಕೇಳಿದಾಗ ಹೌದು ಅಂತಲೇ ಹೇಳು. ಹಸಿ ಹಣ್ಣು, ಕರಿಬೇವಿನ ಸೊಪ್ಪು, ಬೀಜ, ಗಿಡ ಏನೂ ಬೇಡ. ತೋಟದ ಹಸಿ ಕಾಫಿ ಬೀಜ ತರುವ ಆಸೆ ಇದ್ದರೆ ಅದನ್ನೂ ಬಿಡು, ಹುರಿದು ಪುಡಿ ಮಾಡಿದ್ದನ್ನೇ ತಾ.